ವರ್ಚುವಲ್ ಮೆಷಿನ್ ಬೂಟ್ ಆಗುತ್ತಿಲ್ಲವೇ? ಅಳಿಸುವ ಮುನ್ನ ಎಲ್ಲಿ ನಿಂತಿದೆ ನೋಡಿ

ವರ್ಚುವಲ್ ಮೆಷಿನ್ ಎಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್. ಈ ಲೇಖನ ಬರೆದಿರುವುದು ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಇಂಜಿನಿಯರಿಂಗ್ ಓದುತ್ತ, ಲ್ಯಾಬ್ ಕೆಲಸಕ್ಕೆಂದು ವಿಂಡೋಸ್ ಲ್ಯಾಪ್‌ಟಾಪಿನೊಳಗೆ ಉಬುಂಟು ಲಿನಕ್ಸ್ ಹಾಕಿಕೊಳ್ಳಲು ಹೊರಟ ವಿದ್ಯಾರ್ಥಿ ಒಬ್ಬರು. ಕಾಫಿ, ಕರಿಮೆಣಸಿನ ಲೆಕ್ಕ ಮತ್ತು ಕಾರ್ಮಿಕರ ಚೆಕ್‌ರೋಲ್ ಇರುವ ಹಳೆಯ ಸಾಫ್ಟ್‌ವೇರನ್ನು, ಅದು ಓಡುತ್ತಿದ್ದ ಕಂಪ್ಯೂಟರ್ ಹಾಳಾಗುವ ಮುನ್ನ ವರ್ಚುವಲ್ ಮೆಷಿನ್‌ಗೆ ಸಾಗಿಸಬೇಕಾದ ತೋಟದ ಆಫೀಸಿನವರು ಇನ್ನೊಬ್ಬರು.

ಇಬ್ಬರೂ ತೊಂದರೆ ಬಂದಾಗ ಮೊದಲು ಮಾಡುವ ಕೆಲಸ ಒಂದೇ: ಮೆಷಿನ್ ಡಿಲೀಟ್ ಮಾಡುವುದು, ಐಎಸ್ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಮತ್ತೆ ಡೌನ್‌ಲೋಡ್‌ಗೆ ಹಾಕುವುದು. ಉಬುಂಟು 24.04ರ ಡೆಸ್ಕ್‌ಟಾಪ್ ಐಎಸ್ಒ ಸುಮಾರು 6 ಜಿಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ನಮ್ಮ ಕೊಡಗಿನ ಕಡೆ ಅಷ್ಟನ್ನು ಇನ್ನೊಮ್ಮೆ ಇಳಿಸುವುದು ಹಗುರದ ಮಾತಲ್ಲ. ಅದಕ್ಕಿಂತ ಮುಖ್ಯವಾಗಿ, ಬಹಳಷ್ಟು ಸಲ ತಪ್ಪು ಆ ಫೈಲಿನಲ್ಲಿ ಇರುವುದೇ ಇಲ್ಲ. ಪರದೆ ಯಾವ ಹಂತದಲ್ಲಿ ನಿಂತಿದೆ ಎಂದು ಗುರುತಿಸಿದರೆ ಕಾರಣದ ಪಟ್ಟಿ ಎರಡೋ ಮೂರೋ ಸಾಧ್ಯತೆಗಳಿಗೆ ಇಳಿಯುತ್ತದೆ.

ಮೆನು, ಬಟನ್‌ಗಳ ಹೆಸರುಗಳನ್ನು ವರ್ಚುವಲ್ ಮೆಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರಿನ ಲೆಕ್ಕದಲ್ಲಿ ಕೊಟ್ಟಿದ್ದೇವೆ. ವಿಎಂವೇರ್, ಹೈಪರ್-ವಿ ಬಳಸುವವರಿಗೂ ಕಾರಣಗಳು ಬಹುಪಾಲು ಇವೇ, ಮೆನುಗಳು ಮಾತ್ರ ಬೇರೆ. ಹೋಸ್ಟ್ ಎಂದರೆ ನಿಮ್ಮ ಕೈಯಲ್ಲಿರುವ ಕಂಪ್ಯೂಟರ್, ಗೆಸ್ಟ್ ಎಂದರೆ ಅದರೊಳಗೆ ಓಡುವ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ). ಟೈಪ್ ಮಾಡಬೇಕಾದ ಆದೇಶಗಳನ್ನು ಫೋನಿನಲ್ಲಿ ಹೇಳುವ ಹಾಗೆ ಅಕ್ಷರ ಬಿಡಿಸಿ ಬರೆದಿದ್ದೇವೆ. ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಮೊದಲು ಫೋಟೊ ತೆಗೆಯಿರಿ

ಎರರ್ ಬಂದ ಕೂಡಲೇ ವಿಂಡೋ ಮುಚ್ಚಬೇಡಿ. ಮೊಬೈಲಿನಲ್ಲಿ ಇಡೀ ಪರದೆಯ ಫೋಟೊ ತೆಗೆಯಿರಿ. ಕೊನೆಯ ಸಾಲಿಗಿಂತ ಅದರ ಮೇಲಿನ ನಾಲ್ಕೈದು ಸಾಲುಗಳಲ್ಲೇ ನಿಜವಾದ ಕಾರಣ ಇರುತ್ತದೆ. ಆಮೇಲೆ ವರ್ಚುವಲ್‌ಬಾಕ್ಸ್ ಮ್ಯಾನೇಜರಿನಲ್ಲಿ ಆ ಮೆಷಿನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಲಾಗ್' ಒತ್ತಿ. ಉದ್ದದ ಕಡತ ತೆರೆಯುತ್ತದೆ, ಎಲ್ಲ ಓದಬೇಕಿಲ್ಲ. ಅದರಲ್ಲೇ ಇರುವ ಹುಡುಕಾಟದ ಜಾಗದಲ್ಲಿ ವಿ-ಇ-ಆರ್-ಆರ್ ಎಂಬ ನಾಲ್ಕು ಅಕ್ಷರ ಹುಡುಕಿ. ವರ್ಚುವಲ್‌ಬಾಕ್ಸಿನ ಹೆಚ್ಚಿನ ದೋಷಸಂಕೇತಗಳು ಆ ಅಕ್ಷರಗಳಿಂದಲೇ ಶುರುವಾಗುತ್ತವೆ.

ಈಗ ಯಾವ ಹಂತ ಎಂದು ನೋಡಿ. ಸ್ಟಾರ್ಟ್ ಒತ್ತಿದ ಕೂಡಲೇ ಹೋಸ್ಟ್ ಪರದೆಯ ಮೇಲೆ ಎರರ್ ಪೆಟ್ಟಿಗೆ ಬಂದರೆ ತೊಂದರೆ ಹೋಸ್ಟಿನದು. ಮೆಷಿನ್ ವಿಂಡೋ ತೆರೆದು ಕಪ್ಪು ಹಿನ್ನೆಲೆಯಲ್ಲಿ 'ಬೂಟಬಲ್ ಮೀಡಿಯಂ' ಎಂಬ ಮಾತು ಕಂಡರೆ ಅಥವಾ ಹಳದಿ ಅಕ್ಷರದ 'ಶೆಲ್' ಎಂಬ ಸಾಲು ಬಂದರೆ ಐಎಸ್ಒ ಅಥವಾ ಫರ್ಮ್‌ವೇರ್ (ಮೆಷಿನ್ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶ). ಮೆನು ಬಂದು, ಆಯ್ಕೆ ಮಾಡಿದ ಮೇಲೆ ನಿಂತರೆ ಮೆಮೊರಿ ಅಥವಾ ಡಿಸ್‌ಪ್ಲೇ. ಇನ್‌ಸ್ಟಾಲ್ ಅರ್ಧದಲ್ಲಿ ನಿಂತರೆ ನೆಟ್‌ವರ್ಕ್ ಅಥವಾ ಡಿಸ್ಕ್ ಜಾಗ.

ಹೋಸ್ಟ್: ವರ್ಚುವಲೈಸೇಶನ್ ಆನ್ ಇದೆಯೇ?

ಹೊಸ ಮೆಷಿನ್ ಮಾಡುವಾಗ ಪಟ್ಟಿಯಲ್ಲಿ 32-ಬಿಟ್ ಆಯ್ಕೆಗಳಷ್ಟೇ ಕಂಡರೆ, ಅಥವಾ 'ವಿಟಿ-ಎಕ್ಸ್ ಈಸ್ ಡಿಸೇಬಲ್ಡ್ ಇನ್ ದ ಬಯೋಸ್' ಎಂಬ ಎರರ್ ಬಂದರೆ, ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ಆಫ್ ಆಗಿದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಪರ್ಫಾರ್ಮೆನ್ಸ್'ನಲ್ಲಿ ಸಿಪಿಯು ಆರಿಸಿದರೆ ಕೆಳಗಡೆ 'ವರ್ಚುವಲೈಸೇಶನ್' ಎಂಬ ಸಾಲು ಇರುತ್ತದೆ. ಅಲ್ಲಿ 'ಡಿಸೇಬಲ್ಡ್' ಎಂದಿದ್ದರೆ ಬಯೋಸ್‌ಗೆ (ಕಂಪ್ಯೂಟರಿನ ಫರ್ಮ್‌ವೇರ್ ಸೆಟ್ಟಿಂಗ್ಸ್) ಹೋಗಲೇಬೇಕು.

1. ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಶನ್' ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಾದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳು ಅದನ್ನು ಕೇಳುತ್ತವೆ. ಕೀ ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ.

2. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ರಿಕವರಿ, ಅಡ್ವಾನ್ಸ್ಡ್ ಸ್ಟಾರ್ಟಪ್‌ಗೆ ಹೋಗಿ 'ರೀಸ್ಟಾರ್ಟ್ ನೌ' ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಆನ್ ಮಾಡುವಾಗ ಎಫ್2 ಅಥವಾ ಎಫ್10 ಒತ್ತುತ್ತ ಕೂರುವುದಕ್ಕಿಂತ ಇದು ಖಚಿತ ದಾರಿ.

3. ಇಂಟೆಲ್ ಪ್ರೊಸೆಸರ್ ಆದರೆ 'ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ', ಎಎಂಡಿ ಆದರೆ 'ಎಸ್‌ವಿಎಂ ಮೋಡ್' ಹುಡುಕಿ ಎನೇಬಲ್ ಮಾಡಿ. ಅಡ್ವಾನ್ಸ್ಡ್, ಸಿಪಿಯು ಕಾನ್ಫಿಗರೇಶನ್, ಸಿಸ್ಟಂ ಕಾನ್ಫಿಗರೇಶನ್ ಎಂಬ ಪುಟಗಳಲ್ಲಿ ಯಾವುದಾದರೊಂದರಲ್ಲಿ ಅದು ಇರುತ್ತದೆ. ಎಫ್10 ಒತ್ತಿ ಉಳಿಸಿ ಹೊರಬನ್ನಿ.

ಟಾಸ್ಕ್ ಮ್ಯಾನೇಜರಿನಲ್ಲಿ 'ಎನೇಬಲ್ಡ್' ಎಂದಿದ್ದೂ ಮೆಷಿನ್ ಆಮೆ ನಡಿಗೆಯಲ್ಲಿ ಸಾಗಿದರೆ, ಅದರ ವಿಂಡೋದ ಕೆಳಗಿನ ಬಲಮೂಲೆಯ ಚಿತ್ರಗಳನ್ನು ನೋಡಿ. ಅಲ್ಲಿ ನಿಜಕ್ಕೂ ಹಸಿರು ಆಮೆ ಕಂಡರೆ, ವಿಂಡೋಸ್‌ನ ಹೈಪರ್-ವಿ ಪ್ರೊಸೆಸರಿನ ಸೌಲಭ್ಯವನ್ನು ತಾನೇ ಹಿಡಿದಿಟ್ಟುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬಳಸಿ ಓಡುತ್ತಿದೆ ಎಂದರ್ಥ. 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು ಹೈಪರ್-ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಈ ಮೂರರ ಟಿಕ್ ತೆಗೆಯಿರಿ. ವಿಂಡೋಸ್ ಸೆಕ್ಯುರಿಟಿಯ 'ಕೋರ್ ಐಸೊಲೇಶನ್' ಅಡಿಯಲ್ಲಿರುವ 'ಮೆಮೊರಿ ಇಂಟಿಗ್ರಿಟಿ' ಆನ್ ಇದ್ದರೂ ಆಮೆ ಹೋಗುವುದಿಲ್ಲ. ಆಮೇಲೆ ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಬೇಡ. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ವಿಂಡೋಸ್ ಶಟ್‌ಡೌನ್ ಆದಾಗಲೂ ಕರ್ನಲ್‌ನ (ವ್ಯವಸ್ಥೆಯ ತಿರುಳು) ಸ್ಥಿತಿಯನ್ನು ಉಳಿಸಿಟ್ಟುಕೊಂಡು ಮುಂದಿನ ಸಲ ಅದನ್ನೇ ಎಬ್ಬಿಸುತ್ತದೆ.

ಆದರೆ ಮೆಮೊರಿ ಇಂಟಿಗ್ರಿಟಿ ಒಂದು ರಕ್ಷಣೆ, ಆಫ್ ಮಾಡಿದರೆ ಅದು ಇಲ್ಲದಾಗುತ್ತದೆ. ಇತರ ಫೀಚರ್‌ಗಳನ್ನು ತೆಗೆದರೆ ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ 2, ಅದನ್ನು ನೆಚ್ಚಿಕೊಂಡ ಡಾಕರ್ ಎಂಬ ಸಾಫ್ಟ್‌ವೇರ್ ಎರಡೂ ನಿಲ್ಲುತ್ತವೆ. ಕಾಲೇಜಿನ ಕೆಲಸಕ್ಕೆ ಲಿನಕ್ಸ್ ಟರ್ಮಿನಲ್ ಮಾತ್ರ ಸಾಕೆಂದಾದರೆ ವರ್ಚುವಲ್‌ಬಾಕ್ಸ್‌ಗಾಗಿ ಇವನ್ನೆಲ್ಲ ಆಫ್ ಮಾಡುವ ಬದಲು ಡಬ್ಲ್ಯುಎಸ್ಎಲ್ ಇಟ್ಟುಕೊಳ್ಳುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಹೋಸ್ಟೇ ಲಿನಕ್ಸ್ ಆಗಿದ್ದು 'ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್', ಸಂಕೇತ ಮೈನಸ್ 1908 ಎಂದು ಬಂದರೆ, ಸೆಕ್ಯೂರ್ ಬೂಟ್ ಎಂಬ ರಕ್ಷಣೆಯು ಸಹಿ ಇಲ್ಲದ ಡ್ರೈವರನ್ನು ತಡೆದಿರುವ ಸಾಧ್ಯತೆ ಹೆಚ್ಚು. ಇನ್‌ಸ್ಟಾಲ್ ಮಾಡುವಾಗ ಕೇಳಿದ್ದ ಎಂಒಕೆ (ನೀವೇ ಒಪ್ಪುವ ಸಹಿಕೀಲಿ) ಪಾಸ್‌ವರ್ಡನ್ನು ಮುಂದಿನ ಬೂಟ್‌ನ ನೀಲಿ ಪರದೆಯಲ್ಲಿ ಕೊಟ್ಟು 'ಎನ್‌ರೋಲ್' ಮಾಡಿದ್ದೀರಾ ನೋಡಿಕೊಳ್ಳಿ. ಆ್ಯಪಲ್ ಎಂ ಸರಣಿಯ ಮ್ಯಾಕ್ ಇರುವವರು ಎಎಂಡಿ64 ಎಂದು ಬರೆದಿರುವ ಐಎಸ್ಒ ಇಳಿಸಿದ್ದರೆ ಅದು ಬೂಟ್ ಆಗದು. ಎಆರ್‌ಎಂ64 ಐಎಸ್ಒ ಬೇಕು.

ಐಎಸ್ಒ ಫೈಲ್ ಸರಿ ಇದೆಯೇ?

ತೋಟದ ಮನೆಯಲ್ಲಿ ರೇಂಜ್ ಸಿಗದೆ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಫೈಬರ್ ಇರುವ ಕಡೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರುವವರಿಗೆ ಒಂದು ಮುನ್ನೆಚ್ಚರಿಕೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ. 64 ಜಿಬಿ ಪೆನ್‌ಡ್ರೈವ್ ಖಾಲಿ ಇದ್ದರೂ 'ಫೈಲ್ ಈಸ್ ಟೂ ಲಾರ್ಜ್' ಎನ್ನುತ್ತದೆ. ಮನೆಯಿಂದ ಹೊರಡುವ ಮುನ್ನವೇ ಅದನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ. ಒಳಗಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲು ಬೇರೆಡೆ ಉಳಿಸಿಕೊಳ್ಳಿ.

ಮನೆಯಲ್ಲೇ ಇಳಿಸುವುದಾದರೆ ಉಬುಂಟು, ಡೆಬಿಯನ್ ತಾವೇ ಅಧಿಕೃತವಾಗಿ ಕೊಡುವ ಟೊರೆಂಟ್ ಬಳಸಿ. ಬ್ರೌಸರಿನ ಡೌನ್‌ಲೋಡ್ ನಡುವೆ ಕಡಿದರೆ ಮೊದಲಿಂದ ಶುರು ಮಾಡಬೇಕಾದೀತು. ಟೊರೆಂಟ್ ಕರೆಂಟ್ ಹೋಗಿ ಬಂದ ಮೇಲೂ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಬಂದ ಪ್ರತಿ ತುಂಡನ್ನೂ ತಾಳೆ ನೋಡುತ್ತದೆ. ನಮ್ಮ ಕಡೆಯ ನೆಟ್‌ವರ್ಕ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಫೈಲ್ ಕೈಸೇರಿದ ಮೇಲೆ ಶಾ-256 (ಫೈಲಿನ ಬೆರಳಚ್ಚಿನಂಥ ಸಂಕೇತ) ತಾಳೆ ನೋಡಿ. 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಸಿಆರ್‌ಸಿ ಶಾ' ಮೆನುವಿನಲ್ಲಿ 'ಶಾ-256' ಒತ್ತಿದರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಡೌನ್‌ಲೋಡ್ ಪುಟದಲ್ಲಿ ಕೊಟ್ಟ ಸಾಲಿನೊಡನೆ ಅದು ಪೂರ್ತಿ ಹೊಂದಬೇಕು. ಒಂದಕ್ಷರ ಬೇರೆಯಾದರೂ ಆ ಫೈಲ್ ಬೇಡ. ಹೊಂದಿಕೆಯಾದರೆ ಮುಂದೆ ಏನೇ ಎರರ್ ಬಂದರೂ ಐಎಸ್ಒ ಮೇಲೆ ಸಂಶಯ ಪಡಬೇಡಿ, ಎರಡನೇ ಸಲ ಇಳಿಸಲೂ ಬೇಡಿ. ಐಎಸ್ಒವನ್ನು ಎಕ್ಸ್‌ಟ್ರ್ಯಾಕ್ಟ್ ಮಾಡುವ ಅಗತ್ಯವೂ ಇಲ್ಲ, ವರ್ಚುವಲ್‌ಬಾಕ್ಸ್‌ಗೆ ಇಡೀ ಫೈಲನ್ನೇ ಕೊಡಬೇಕು.

ಮೆಷಿನ್‌ಗೆ ಎಷ್ಟು ಕೊಡಬೇಕು

ಉಬುಂಟು 24.04 ಡೆಸ್ಕ್‌ಟಾಪ್‌ಗೆ 4 ಜಿಬಿ ರ‍್ಯಾಮ್, 2 ಕೋರ್, 25 ಜಿಬಿ ಡಿಸ್ಕ್. ವಿಂಡೋಸ್ 11ಕ್ಕೆ 4 ಜಿಬಿ, 2 ಕೋರ್, 64 ಜಿಬಿ, ಜೊತೆಗೆ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ. ಹೋಸ್ಟಿನಲ್ಲಿ ಒಟ್ಟು 8 ಜಿಬಿ ಇದ್ದರೆ ಗೆಸ್ಟ್‌ಗೆ 4ಕ್ಕಿಂತ ಹೆಚ್ಚು ಕೊಡಬೇಡಿ. ಸ್ಲೈಡರಿನ ಹಸಿರು ಭಾಗ ದಾಟಿದರೆ ಎರಡೂ ವ್ಯವಸ್ಥೆ ಡಿಸ್ಕಿಗೆ ಮೆಮೊರಿ ಬರೆಯುತ್ತ ಕೂರುತ್ತವೆ, ಇನ್‌ಸ್ಟಾಲ್ ನಿಂತೇ ಹೋದಂತೆ ಕಾಣುತ್ತದೆ. ಹೋಸ್ಟಿನಲ್ಲೇ 4 ಜಿಬಿ ಇದ್ದರೆ ಉಬುಂಟು ಆಸೆ ಬಿಟ್ಟು ಹಗುರ ಲಿನಕ್ಸ್‌ಗಳಾದ ಲುಬುಂಟು ಅಥವಾ ಎಕ್ಸ್‌ಎಫ್‌ಸಿಇ ಇರುವ ಡೆಬಿಯನ್ ಹಾಕಿ, 2 ಜಿಬಿ ಕೊಡಿ.

ಡಿಸ್ಕ್ 'ಡೈನಾಮಿಕಲಿ ಅಲೊಕೇಟೆಡ್' ಆಗಿದ್ದರೆ ಆರಂಭದಲ್ಲಿ ಚಿಕ್ಕದಿದ್ದು ತುಂಬಿದಂತೆ ಬೆಳೆಯುತ್ತದೆ. ಗೆಸ್ಟಿನೊಳಗೆ ಫೈಲ್ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಹೋಸ್ಟಿನ ಸಿ ಡ್ರೈವ್‌ನಲ್ಲಿ 12 ಜಿಬಿ ಉಳಿದಿರುವಾಗ 25 ಜಿಬಿ ಡಿಸ್ಕ್ ಮಾಡಲು ವರ್ಚುವಲ್‌ಬಾಕ್ಸ್ ಬಿಡುತ್ತದೆ. ಇನ್‌ಸ್ಟಾಲ್ ಅರ್ಧದಲ್ಲಿದ್ದಾಗ ಹೋಸ್ಟ್ ಡಿಸ್ಕ್ ಭರ್ತಿಯಾಗಿ ಮೆಷಿನ್ 'ಪಾಸ್ಡ್' (ತಾತ್ಕಾಲಿಕ ನಿಲುಗಡೆ) ಸ್ಥಿತಿಗೆ ಹೋಗುತ್ತದೆ. ಆಗ ಗಾಬರಿಯಾಗಿ ಪವರ್ ಆಫ್ ಮಾಡಬೇಡಿ. ಹೋಸ್ಟಿನಲ್ಲಿ ಬೇಡದ ಫೈಲ್ ತೆಗೆದು ಜಾಗ ಮಾಡಿ, ಮೆಷಿನ್ ಮೆನುವಿನ 'ಪಾಸ್' ಟಿಕ್ ತೆಗೆದರೆ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ.

ವ್ಯವಸ್ಥೆಯ ಬಗೆಯನ್ನೂ ಸರಿಯಾಗಿ ಆರಿಸಿ. 64-ಬಿಟ್ ಐಎಸ್ಒ ಕೊಟ್ಟು ಪಟ್ಟಿಯಲ್ಲಿ 32-ಬಿಟ್ ಆರಿಸಿದರೆ 'ದಿಸ್ ಕರ್ನಲ್ ರಿಕ್ವೈರ್ಸ್ ಆ್ಯನ್ ಎಕ್ಸ್86-64 ಸಿಪಿಯು' ಎಂದು ನಿಲ್ಲುತ್ತದೆ. ಸೆಟ್ಟಿಂಗ್ಸ್, ಜನರಲ್, ವರ್ಶನ್‌ನಲ್ಲಿ ಬದಲಿಸಿದರೆ ಸಾಕು, ಹೊಸ ಮೆಷಿನ್ ಬೇಡ.

'ಬೂಟಬಲ್ ಮೀಡಿಯಂ' ಎರರ್ ಮತ್ತು ಶೆಲ್ ಪರದೆ

'ನೋ ಬೂಟಬಲ್ ಮೀಡಿಯಂ ಫೌಂಡ್, ಸಿಸ್ಟಂ ಹಾಲ್ಟೆಡ್' ಎಂದರೆ ಬೂಟ್ ಮಾಡಲು ಏನೂ ಸಿಗಲಿಲ್ಲ ಎಂದಷ್ಟೇ. ಸೆಟ್ಟಿಂಗ್ಸ್, ಸ್ಟೋರೇಜ್ ತೆರೆಯಿರಿ. ಸಿಡಿ ಚಿತ್ರದ ಪಕ್ಕ 'ಎಂಪ್ಟಿ' ಎಂದಿದ್ದರೆ ಐಎಸ್ಒ ಜೋಡಿಸಿಯೇ ಇಲ್ಲ. ಐಎಸ್ಒ ಪೆನ್‌ಡ್ರೈವ್‌ನಲ್ಲಿದ್ದಾಗ ಜೋಡಿಸಿ, ಆಮೇಲೆ ಪೆನ್‌ಡ್ರೈವ್ ಕಿತ್ತಿದ್ದರೂ ಅದು ಸಿಗುವುದಿಲ್ಲ. ಫೈಲನ್ನು ಮೊದಲು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡೇ ಜೋಡಿಸಿ. ಸಿಡಿ ಚಿತ್ರದ ಮೇಲೆ ಒತ್ತಿ, ಬಲಗಡೆ ಕಾಣುವ ಪುಟ್ಟ ಡಿಸ್ಕ್ ಗುರುತಿನಿಂದ 'ಚೂಸ್ ಎ ಡಿಸ್ಕ್ ಫೈಲ್' ಆರಿಸಬೇಕು. ಬಳಿಕ ಸಿಸ್ಟಂ ಪುಟದ ಬೂಟ್ ಆರ್ಡರ್‌ನಲ್ಲಿ 'ಆಪ್ಟಿಕಲ್' ಹಾರ್ಡ್ ಡಿಸ್ಕಿಗಿಂತ ಮೇಲಿರಲಿ.

ಕಪ್ಪು ಪರದೆಯಲ್ಲಿ 'ಯುಇಎಫ್ಐ ಇಂಟರಾಕ್ಟಿವ್ ಶೆಲ್' ಎಂದು ಬಂದು ಹಳದಿ 'ಶೆಲ್' ಸಾಲಿನಲ್ಲಿ ಕರ್ಸರ್ ಮಿನುಗುತ್ತಿದ್ದರೆ ವಿಷಯ ಬೇರೆ. ಫರ್ಮ್‌ವೇರ್ ಯುಇಎಫ್ಐ (ಚುಟುಕಾಗಿ ಇಎಫ್ಐ) ಎಂಬ ಹೊಸ ಬಗೆಯದಾಗಿ ಓಡುತ್ತಿದೆ, ಆದರೆ ಆ ಬಗೆಯ ಬೂಟ್‌ಲೋಡರ್ (ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಅದಕ್ಕೆ ಸಿಕ್ಕಿಲ್ಲ. ಇದಕ್ಕೆ ಕಾರಣ ಮೂರು.

ಮೊದಲನೆಯದು, ಮೆಷಿನ್ ಹಳೆಯ ಬಯೋಸ್ ಬಗೆಯಲ್ಲಿ ಇನ್‌ಸ್ಟಾಲ್ ಆಗಿದ್ದು ನಂತರ ಯಾರೋ ಸಿಸ್ಟಂ ಪುಟದ ಇಎಫ್ಐ ಟಿಕ್ ಹಾಕಿದ್ದಾರೆ. ಟಿಕ್ ತೆಗೆದರೆ ಮುಗಿಯಿತು. ಇದರ ತಿರುಗುಮುರುಗೂ ಆಗುತ್ತದೆ: ಇಎಫ್ಐನಲ್ಲಿ ಇನ್‌ಸ್ಟಾಲ್ ಮಾಡಿ ಟಿಕ್ ತೆಗೆದರೆ 'ಬೂಟಬಲ್ ಮೀಡಿಯಂ' ಎರರ್ ಬರುತ್ತದೆ. ಇನ್‌ಸ್ಟಾಲ್ ಆದ ಮೇಲೆ ಆ ಟಿಕ್ ಮುಟ್ಟಲೇಬಾರದು.

ಎರಡನೆಯದು, ವಿಂಡೋಸ್ ಐಎಸ್ಒ 'ಪ್ರೆಸ್ ಎನಿ ಕೀ ಟು ಬೂಟ್ ಫ್ರಮ್ ಸಿಡಿ ಆರ್ ಡಿವಿಡಿ' ಎಂದು ಕೆಲವೇ ಸೆಕೆಂಡು ಕಾಯುತ್ತದೆ. ನೀವು ಕೀ ಒತ್ತಿದರೂ ಮೆಷಿನ್ ವಿಂಡೋ ಮೇಲೆ ಕ್ಲಿಕ್ ಮಾಡಿರದಿದ್ದರೆ ಆ ಕೀ ಹೋಸ್ಟಿಗೆ ಹೋಗುತ್ತದೆ, ಗೆಸ್ಟಿಗಲ್ಲ. ಬಲಗಡೆಯ ಕಂಟ್ರೋಲ್ ಜೊತೆ ಆರ್ ಒತ್ತಿ ರೀಸೆಟ್ ಮಾಡಿ, ತಕ್ಷಣ ವಿಂಡೋ ಒಳಗೆ ಕ್ಲಿಕ್ ಮಾಡಿ, ಸಾಲು ಕಂಡೊಡನೆ ಸ್ಪೇಸ್ ಒತ್ತಿ. ಇನ್‌ಸ್ಟಾಲ್ ನಡುವೆ ಮೆಷಿನ್ ತಾನೇ ರೀಬೂಟ್ ಆದಾಗ ಇದೇ ಸಾಲು ಮತ್ತೆ ಬರುತ್ತದೆ. ಆಗ ಏನೂ ಒತ್ತಬಾರದು, ಒತ್ತಿದರೆ ಇನ್‌ಸ್ಟಾಲ್ ಮೊದಲಿಂದ ಶುರು.

ಮೂರನೆಯದು, ಬೂಟ್‌ಲೋಡರ್ ಇದೆ, ಫರ್ಮ್‌ವೇರ್ ಅದರ ವಿಳಾಸ ಮರೆತಿದೆ. ಡಿಸ್ಕ್ ಫೈಲನ್ನು ಬೇರೆ ಮೆಷಿನ್‌ಗೆ ಸಾಗಿಸಿದಾಗ ಹೀಗಾಗುತ್ತದೆ. ಶೆಲ್‌ನಲ್ಲಿ ಇ-ಎಕ್ಸ್-ಐ-ಟಿ ಟೈಪ್ ಮಾಡಿ ಎಂಟರ್ ಒತ್ತಿದರೆ ಮೆನು ಬರುತ್ತದೆ. 'ಬೂಟ್ ಮೇಂಟೆನೆನ್ಸ್ ಮ್ಯಾನೇಜರ್', ಅದರಲ್ಲಿ 'ಬೂಟ್ ಫ್ರಮ್ ಫೈಲ್' ಆರಿಸಿ, ಇಎಫ್ಐ ಫೋಲ್ಡರಿನೊಳಗೆ ಹೋಗಿ. ಉಬುಂಟು ಆದರೆ ಉಬುಂಟು ಫೋಲ್ಡರಿನಲ್ಲಿ ಶಿಮ್ ಎಂದು ಶುರುವಾಗುವ ಫೈಲ್, ವಿಂಡೋಸ್ ಆದರೆ ಮೈಕ್ರೋಸಾಫ್ಟ್, ಬೂಟ್ ಫೋಲ್ಡರಿನಲ್ಲಿ ಬೂಟ್ಎಂಜಿಎಫ್‌ಡಬ್ಲ್ಯು ಎಂಬ ಫೈಲ್. ವ್ಯವಸ್ಥೆ ಎದ್ದು ನಿಂತರೆ ಡಿಸ್ಕ್ ಸುಸ್ಥಿತಿಯಲ್ಲಿದೆ ಎಂದು ಖಚಿತ.

ಮೆನು ಬಂದ ಮೇಲೆ ಕಪ್ಪು ಪರದೆ

ಲಿನಕ್ಸ್ ಮೆನುವಿನಲ್ಲಿ 'ಟ್ರೈ ಆರ್ ಇನ್‌ಸ್ಟಾಲ್' ಒತ್ತಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಮೊದಲು ಐದು ನಿಮಿಷ ಬಿಡಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿಗೆ ಅಷ್ಟು ಸಮಯ ಬೇಕಾಗುತ್ತದೆ. ಬಳಿಕವೂ ಏನೂ ಬರದಿದ್ದರೆ ಮೆಷಿನ್ ಪವರ್ ಆಫ್ ಮಾಡಿ, ಡಿಸ್‌ಪ್ಲೇ ಪುಟದಲ್ಲಿ ವಿಡಿಯೊ ಮೆಮೊರಿಯನ್ನು 16ರಿಂದ 128 ಎಂಬಿಗೆ ಏರಿಸಿ, '3ಡಿ ಆ್ಯಕ್ಸಿಲರೇಶನ್' ಟಿಕ್ ತೆಗೆಯಿರಿ. ಗ್ರಾಫಿಕ್ಸ್ ಕಂಟ್ರೋಲರ್ ಲಿನಕ್ಸ್‌ಗೆ ವಿಎಂಎಸ್‌ವಿಜಿಎ, ಈಗಿನ ವಿಂಡೋಸ್‌ಗೆ ವಿಬಾಕ್ಸ್‌ಎಸ್‌ವಿಜಿಎ ಇರಬೇಕು. ಇಷ್ಟಾದರೂ ಬಾರದಿದ್ದರೆ ಮೆನುವಿನಲ್ಲಿರುವ 'ಸೇಫ್ ಗ್ರಾಫಿಕ್ಸ್' ಸಾಲನ್ನು ಆರಿಸಿ.

'ಕರ್ನಲ್ ಪ್ಯಾನಿಕ್' ಎಂದು ಬಂದರೆ ಬಹುಮಟ್ಟಿಗೆ ರ‍್ಯಾಮ್ ಕಡಿಮೆ ಕೊಟ್ಟಿದ್ದೀರಿ. 1 ಜಿಬಿ ಕೊಟ್ಟ ಮೆಷಿನ್‌ನಲ್ಲಿ ಡೆಸ್ಕ್‌ಟಾಪ್ ಐಎಸ್ಒ ತನ್ನ ಆರಂಭದ ಕಡತಗಳನ್ನು ಮೆಮೊರಿಯಲ್ಲಿ ಬಿಡಿಸಲಾಗದೆ ನಿಲ್ಲುತ್ತದೆ.

ಇನ್‌ಸ್ಟಾಲರ್ ಬಂದರೂ 'ನೆಕ್ಸ್ಟ್' ಬಟನ್ ಪರದೆಯ ಕೆಳಗೆ ಮರೆಯಾಗಿದ್ದರೆ ವಿಂಡೋಸ್ ಕೀ ಒತ್ತಿ ಹಿಡಿದು ಮೌಸಿನಿಂದ ವಿಂಡೋವನ್ನು ಮೇಲಕ್ಕೆ ಎಳೆಯಿರಿ. ಸಣ್ಣ ತೊಡಕು, ಆದರೆ ಇದೊಂದಕ್ಕಾಗಿ ಇನ್‌ಸ್ಟಾಲ್ ಕೈಬಿಟ್ಟವರು ಬಹಳ.

ಇನ್‌ಸ್ಟಾಲ್ ನಡುವೆ ನಿಂತರೆ

2022ರಲ್ಲಿ ಬಂದ ವರ್ಚುವಲ್‌ಬಾಕ್ಸ್ 7ರಿಂದ, ಐಎಸ್ಒ ಕೊಟ್ಟ ಕೂಡಲೇ 'ಅನ್‌ಅಟೆಂಡೆಡ್ ಇನ್‌ಸ್ಟಾಲ್' ತಾನಾಗಿ ಸಿದ್ಧವಾಗುತ್ತದೆ. ನಿಮ್ಮನ್ನು ಏನೂ ಕೇಳದೆ ವಿಬಾಕ್ಸ್‌ಯೂಸರ್ ಎಂಬ ಹೆಸರು, ಚೇಂಜ್‌ಮಿ ಎಂಬ ಪಾಸ್‌ವರ್ಡ್ ಇಟ್ಟು ಮುಗಿಸಿಬಿಡುತ್ತದೆ. ಆಮೇಲೆ ಉಬುಂಟುವಿನಲ್ಲಿ ಆ ಬಳಕೆದಾರರಿಗೆ ಸುಡೊ (ಅಡ್ಮಿನ್) ಅಧಿಕಾರ ಇರುವುದಿಲ್ಲ, ಟರ್ಮಿನಲ್ ತೆರೆಯದ ತೊಂದರೆಯೂ ಬರುತ್ತದೆ. ವಿಂಡೋಸ್‌ನಲ್ಲಿ 'ಲೈಸೆನ್ಸ್ ಟರ್ಮ್ಸ್ ಸಿಗಲಿಲ್ಲ' ಎಂಬ ಅರ್ಥದ ಎರರ್ ಬರುವುದೂ ಹೆಚ್ಚಾಗಿ ಇದರಿಂದಲೇ. ಹೊಸ ಮೆಷಿನ್ ಮಾಡುವ ಮೊದಲ ಪುಟದಲ್ಲೇ 'ಸ್ಕಿಪ್ ಅನ್‌ಅಟೆಂಡೆಡ್ ಇನ್‌ಸ್ಟಲೇಶನ್' ಟಿಕ್ ಹಾಕಿ. ನಿಮ್ಮ ಆವೃತ್ತಿಯಲ್ಲಿ 'ಪ್ರೊಸೀಡ್' ಎಂದಿದ್ದರೆ ಟಿಕ್ ತೆಗೆಯಿರಿ.

ನೆಟ್‌ವರ್ಕ್ ಬಂದು ಹೋಗುತ್ತಿದ್ದರೆ ಇನ್‌ಸ್ಟಾಲರ್ ಅಪ್‌ಡೇಟ್ ಇಳಿಸಲು ಹೋಗಿ ಅಲ್ಲೇ ಕೂರುತ್ತದೆ. ನೆಟ್ ಪೂರ್ತಿ ಇಲ್ಲದಿದ್ದರೆ ಅದಕ್ಕೆ ಗೊತ್ತಾಗಿ ಮುಂದೆ ಹೋಗುತ್ತದೆ. ಇದ್ದೂ ಇಲ್ಲದಂತಿದ್ದಾಗಲೇ ಕಷ್ಟ. ಉಬುಂಟು, ಮಿಂಟ್ ಹಾಕುವಾಗ ಡಿವೈಸಸ್ ಮೆನುವಿನ ನೆಟ್‌ವರ್ಕ್‌ನಲ್ಲಿ 'ಕನೆಕ್ಟ್ ನೆಟ್‌ವರ್ಕ್ ಅಡಾಪ್ಟರ್' ಟಿಕ್ ತೆಗೆದೇ ಶುರು ಮಾಡಿ. ಅಪ್‌ಡೇಟ್ ಆಮೇಲೆ ಮಾಡಿಕೊಳ್ಳಬಹುದು. ಡೆಬಿಯನ್‌ನ ಚಿಕ್ಕ ನೆಟ್‌ಇನ್‌ಸ್ಟ್ ಐಎಸ್ಒ ಡೆಸ್ಕ್‌ಟಾಪನ್ನು ನೆಟ್‌ನಿಂದಲೇ ತರುವಂಥದ್ದು. ಮಳೆಗಾಲದಲ್ಲಿ ಅದರ ಬದಲು ಡಿವಿಡಿ-1 ಐಎಸ್ಒ ಇಟ್ಟುಕೊಳ್ಳಿ. ಆದರೆ ವಿಂಡೋಸ್ 11 ಹೋಂ ಕೊನೆಯಲ್ಲಿ ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ಸಿಗ್ನಲ್ ಚೆನ್ನಾಗಿರುವ ಹೊತ್ತಿನಲ್ಲೇ ಅದಕ್ಕೆ ಕೈಹಾಕಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಅಡಾಪ್ಟರನ್ನು 'ನ್ಯಾಟ್'ನಲ್ಲೇ (ಹೋಸ್ಟಿನ ನೆಟ್ ಹಂಚಿಕೊಳ್ಳುವ ಬಗೆ) ಬಿಡಿ. ವೈಫೈ ಮೇಲೆ 'ಬ್ರಿಡ್ಜ್ಡ್' ಅನೇಕ ಸಲ ಕೆಲಸ ಮಾಡದು.

'ದಿಸ್ ಪಿಸಿ ಕಾಂಟ್ ರನ್ ವಿಂಡೋಸ್ 11' ಎಂದರೆ ಸಿಸ್ಟಂ ಪುಟದಲ್ಲಿ ಟಿಪಿಎಂ 2.0, ಇಎಫ್ಐ, ಸೆಕ್ಯೂರ್ ಬೂಟ್ ಮೂರೂ ಇವೆಯೇ, ಡಿಸ್ಕ್ 64 ಜಿಬಿ ಇದೆಯೇ ನೋಡಿ. ವರ್ಚುವಲ್‌ಬಾಕ್ಸ್ 6ರಲ್ಲಿ ಟಿಪಿಎಂ ಆಯ್ಕೆಯೇ ಇಲ್ಲ.

ಮುಗಿದ ಮೇಲೂ ಇನ್‌ಸ್ಟಾಲರ್ ಪರದೆಯೇ ಮತ್ತೆ ಬಂದರೆ ಐಎಸ್ಒ ಇನ್ನೂ ಒಳಗಿದೆ. ಡಿವೈಸಸ್, ಆಪ್ಟಿಕಲ್ ಡ್ರೈವ್ಸ್, 'ರಿಮೂವ್ ಡಿಸ್ಕ್' ಮಾಡಿ ರೀಸೆಟ್ ಒತ್ತಿ. ಎರಡನೇ ಸಲ ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ.

ಕರೆಂಟ್ ಹೋದ ಮೇಲೆ ಬೂಟ್ ಆಗದಿದ್ದರೆ

ಡೆಸ್ಕ್‌ಟಾಪ್ ಹೋಸ್ಟ್ ಇರುವ ಆಫೀಸುಗಳಲ್ಲಿ ಇದು ದೊಡ್ಡ ಸಮಸ್ಯೆ. ವೇಗಕ್ಕಾಗಿ ವರ್ಚುವಲ್‌ಬಾಕ್ಸ್ ಗೆಸ್ಟಿನ 'ಡಿಸ್ಕಿಗೆ ಈಗಲೇ ಬರೆ' ಎಂಬ ಆದೇಶವನ್ನು ಸಾಮಾನ್ಯವಾಗಿ ಕಡೆಗಣಿಸುತ್ತದೆ. ಬರೆದಾಯಿತೆಂದು ಗೆಸ್ಟ್ ನಂಬಿರುತ್ತದೆ, ಹೋಸ್ಟ್ ಬರೆದಿರುವುದಿಲ್ಲ. ಆ ನಡುವೆ ಕರೆಂಟ್ ಹೋದರೆ ಫೈಲ್‌ಸಿಸ್ಟಂ ಕೆಡುತ್ತದೆ. ಸ್ಟೋರೇಜ್ ಪುಟದಲ್ಲಿ ಕಂಟ್ರೋಲರ್ ಮೇಲೆ ಒತ್ತಿದರೆ 'ಯೂಸ್ ಹೋಸ್ಟ್ ಐಒ ಕ್ಯಾಶ್' ಎಂಬ ಟಿಕ್ ಕಾಣುತ್ತದೆ. ಅದನ್ನು ತೆಗೆದಿಡಿ. ಡಿಸ್ಕ್ ಜೋಡಿಸುವ ಹಳೆಯ ಬಗೆಯಾದ ಐಡಿಇ ಕಂಟ್ರೋಲರಿಗೆ ಅದು ಮೊದಲೇ ಆನ್ ಇರುತ್ತದೆ.

ಯುಪಿಎಸ್ ಕೂಗಲು ಶುರುವಾದ ಕೂಡಲೇ ಮೆಷಿನ್ ವಿಂಡೋ ಮುಚ್ಚಿ 'ಸೇವ್ ದ ಮೆಷಿನ್ ಸ್ಟೇಟ್' ಆರಿಸಿ. ಗೆಸ್ಟಿನ ರ‍್ಯಾಮ್ ಡಿಸ್ಕಿಗೆ ಬರೆದು ಮುಗಿದ ಮೇಲೆ ಹೋಸ್ಟನ್ನು ಆಫ್ ಮಾಡಿ. ಹೀಗೆ ಉಳಿಸಿದ ಮೆಷಿನ್‌ನ ಸೆಟ್ಟಿಂಗ್ಸ್ ಬದಲಿಸಲಾಗದು ಎಂದು ಕೆಲವರು 'ಡಿಸ್ಕಾರ್ಡ್' ಒತ್ತುತ್ತಾರೆ. ಅದು ಓಡುತ್ತಿರುವ ಕಂಪ್ಯೂಟರಿನ ಪ್ಲಗ್ ಕಿತ್ತಂತೆ. ಮೊದಲು ಎಬ್ಬಿಸಿ, ಗೆಸ್ಟಿನೊಳಗಿಂದಲೇ ಶಟ್‌ಡೌನ್ ಮಾಡಿ.

ಈಗಾಗಲೇ ಕೆಟ್ಟಿದ್ದರೆ ಲಿನಕ್ಸ್‌ನಲ್ಲಿ 'ಬಿಸಿಬಾಕ್ಸ್' ಎಂಬ ಹೆಸರು, ಕೆಳಗೆ 'ಇನಿಟ್‌ರಾಮ್‌ಎಫ್ಎಸ್' ಎಂಬ ಸಾಲು ಕಾಣುತ್ತದೆ. ಅದರ ಮೇಲಿನ ಸಾಲುಗಳಲ್ಲಿ ಕೆಟ್ಟ ಪಾರ್ಟಿಶನ್ನಿನ ಹೆಸರು ಬರೆದಿರುತ್ತದೆ, ಹೆಚ್ಚಾಗಿ ಎಸ್-ಡಿ-ಎ ಮತ್ತು ಒಂದು ಅಂಕಿ. ಎಫ್-ಎಸ್-ಸಿ-ಕೆ, ಒಂದು ಸ್ಪೇಸ್, ಅಡ್ಡಗೆರೆ ಮತ್ತು ವೈ, ಇನ್ನೊಂದು ಸ್ಪೇಸ್, ನಂತರ ಪರದೆಯಲ್ಲಿ ಕಂಡ ಹೆಸರನ್ನು ಅದಕ್ಕೆ ಮೊದಲು ಇರುವ ಓರೆಗೆರೆಗಳ ಸಮೇತ ಯಥಾವತ್ತಾಗಿ ಟೈಪ್ ಮಾಡಿ. ಮುಗಿದ ಮೇಲೆ ಇ-ಎಕ್ಸ್-ಐ-ಟಿ. ಬಹುತೇಕ ಸಂದರ್ಭಗಳಲ್ಲಿ ವ್ಯವಸ್ಥೆ ಎದ್ದೇಳುತ್ತದೆ.

ವಿಂಡೋಸ್ ಆದರೆ ಐಎಸ್ಒ ಜೋಡಿಸಿ ಬೂಟ್ ಮಾಡಿ, 'ಇನ್‌ಸ್ಟಾಲ್' ಒತ್ತದೆ 'ರಿಪೇರ್ ಯುವರ್ ಕಂಪ್ಯೂಟರ್'ಗೆ ಹೋಗಿ, ಟ್ರಬಲ್‌ಶೂಟ್‌ನಲ್ಲಿ 'ಸ್ಟಾರ್ಟಪ್ ರಿಪೇರ್' ಓಡಿಸಿ. ಲಿನಕ್ಸ್‌ನ ಬೂಟ್‌ಲೋಡರ್ ಕೆಟ್ಟು 'ಗ್ರಬ್ ರೆಸ್ಕ್ಯೂ' ಬಂದರೆ ನಮ್ಮ ಸಲಹೆ ಇಷ್ಟು: ಹೊಸ ಮೆಷಿನ್ ಆಗಿದ್ದರೆ ಮರುಇನ್‌ಸ್ಟಾಲ್ ಮಾಡಿ, ಬೇಗ ಮುಗಿಯುತ್ತದೆ. ಒಳಗೆ ಕೆಲಸದ ಕಡತ ಇದ್ದರೆ ರಿಪೇರಿಗೆ ಮುನ್ನ ಉಬುಂಟು ಐಎಸ್ಒದಿಂದ 'ಟ್ರೈ' ಆರಿಸಿ ಬೂಟ್ ಮಾಡಿ, ಕಡತಗಳನ್ನು ಹೊರಗೆ ತೆಗೆದಿಟ್ಟುಕೊಳ್ಳಿ.

ತೋಟದ ಆಫೀಸಿನ ಹಳೆ ವಿಂಡೋಸ್

ಇಲ್ಲಿ ನಿಯಮಗಳೇ ತಿರುಗುಮುರುಗು. ಎಕ್ಸ್‌ಪಿ, ವಿಂಡೋಸ್ 7 ಎರಡಕ್ಕೂ ಇಎಫ್ಐ ಟಿಕ್ ಬೇಡ. ಇದ್ದರೆ ವಿಂಡೋಸ್ 7 'ಸ್ಟಾರ್ಟಿಂಗ್ ವಿಂಡೋಸ್' ಪರದೆಯಲ್ಲೇ ನಿಲ್ಲುತ್ತದೆ. ಎಕ್ಸ್‌ಪಿಗೆ ಡಿಸ್ಕ್ ಐಡಿಇ ಕಂಟ್ರೋಲರ್ ಅಡಿಯಲ್ಲೇ ಇರಬೇಕು. ಎಕ್ಸ್‌ಪಿಯಲ್ಲಿ ಹೊಸ ಬಗೆಯಾದ ಸಾಟಾದ ಡ್ರೈವರ್ ಇಲ್ಲದ ಕಾರಣ, ಸಾಟಾ ಅಡಿಯಲ್ಲಿಟ್ಟರೆ ಹಾರ್ಡ್ ಡಿಸ್ಕೇ ಸಿಗಲಿಲ್ಲ ಎನ್ನುತ್ತದೆ. ನೆಟ್‌ವರ್ಕ್ ಕಾರ್ಡ್ ಬೇಕಾದರೆ 'ಪ್ರೊ 1000 ಟಿ ಸರ್ವರ್' ಆರಿಸಿ, ಎಕ್ಸ್‌ಪಿ ಅದನ್ನು ಬೇರೆ ಡ್ರೈವರ್ ಇಲ್ಲದೆ ಗುರುತಿಸುತ್ತದೆ.

ಓಡುತ್ತಿರುವ ಹಳೆ ಕಂಪ್ಯೂಟರನ್ನೇ ಮೆಷಿನ್ ಮಾಡಲು ಮೈಕ್ರೋಸಾಫ್ಟಿನ ಡಿಸ್ಕ್2ವಿಎಚ್‌ಡಿ ಸಾಕು. 'ಯೂಸ್ ವಿಎಚ್‌ಡಿಎಕ್ಸ್' ಟಿಕ್ ತೆಗೆದು, ಹೊರಗಿನ ಯುಎಸ್‌ಬಿ ಡಿಸ್ಕಿಗೆ ಉಳಿಸಿ. ಆ ಫೈಲನ್ನು ಹೊಸ ಮೆಷಿನ್‌ಗೆ ಜೋಡಿಸಿ ಆನ್ ಮಾಡಿದಾಗ ನೀಲಿ ಪರದೆಯಲ್ಲಿ 7ಬಿ ಎಂದು ಮುಗಿಯುವ ಸ್ಟಾಪ್ ಸಂಕೇತ ಬಂದರೆ ಕಂಟ್ರೋಲರ್ ಹೊಂದಿಕೆಯಾಗಿಲ್ಲ. ಹಳೆ ಕಂಪ್ಯೂಟರಿನ ಬಯೋಸ್‌ನಲ್ಲಿ ಡಿಸ್ಕ್ ಐಡಿಇ ಮೋಡ್‌ನಲ್ಲಿತ್ತೇ, ಎಎಚ್‌ಸಿಐನಲ್ಲಿತ್ತೇ ನೋಡಿ. ಐಡಿಇ ಆದರೆ ಇಲ್ಲೂ ಐಡಿಇ, ಎಎಚ್‌ಸಿಐ ಆದರೆ ಸಾಟಾ. ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನವೇ ಇದನ್ನು ಬರೆದಿಟ್ಟುಕೊಳ್ಳಿ. ಯಂತ್ರಾಂಶ ಬದಲಾದ ಕಾರಣ ವಿಂಡೋಸ್ ಮತ್ತೆ ಆ್ಯಕ್ಟಿವೇಶನ್ ಕೇಳಬಹುದು. ಕಂಪ್ಯೂಟರಿನೊಂದಿಗೇ ಬಂದ ಒಇಎಂ ಲೈಸೆನ್ಸ್ ಆ ಯಂತ್ರಕ್ಕೆ ಮಾತ್ರ ಸೀಮಿತ.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಲೆಕ್ಕದ ಸಾಫ್ಟ್‌ವೇರಿಗೆ ನೆಟ್ ಬೇಕಿಲ್ಲದಿದ್ದರೆ ಅಡಾಪ್ಟರನ್ನೇ ತೆಗೆದುಬಿಡಿ. ಬಿಲ್ ಮತ್ತು ವರದಿಗಳನ್ನು ಹೊರತರಲು 'ಶೇರ್ಡ್ ಫೋಲ್ಡರ್' ಸಾಕು.

ಎಲ್ಲ ಸರಿಯಾಗಿ ಓಡಿದ ದಿನವೇ ಗೆಸ್ಟನ್ನು ಶಟ್‌ಡೌನ್ ಮಾಡಿ, ಫೈಲ್ ಮೆನುವಿನಿಂದ 'ಎಕ್ಸ್‌ಪೋರ್ಟ್ ಅಪ್ಲಯನ್ಸ್' ಮಾಡಿ ಬಂದ ಒವಿಎ ಫೈಲನ್ನು ಬೇರೊಂದು ಡಿಸ್ಕಿನಲ್ಲಿ ಇಡಿ. ಸ್ನ್ಯಾಪ್‌ಶಾಟ್ (ಮೆಷಿನ್‌ನ ಒಂದು ಹೊತ್ತಿನ ಸ್ಥಿತಿಯ ದಾಖಲೆ) ಬ್ಯಾಕಪ್ ಅಲ್ಲ, ಅದು ಮೂಲ ಡಿಸ್ಕ್ ಫೈಲನ್ನೇ ನೆಚ್ಚಿಕೊಂಡಿರುತ್ತದೆ. ಜಾಗ ಸಾಲದೆಂದು ಸ್ನ್ಯಾಪ್‌ಶಾಟ್ ಫೋಲ್ಡರಿನ ಫೈಲುಗಳನ್ನು ಕೈಯಾರೆ ಅಳಿಸಿದರೆ ಸರಪಳಿ ಕಡಿದು ಮೆಷಿನ್ ಏಳುವುದೇ ಇಲ್ಲ. ವರ್ಚುವಲ್‌ಬಾಕ್ಸಿನ ಸ್ನ್ಯಾಪ್‌ಶಾಟ್ ಪುಟದಿಂದಲೇ ಡಿಲೀಟ್ ಮಾಡಬೇಕು. ಅದು ಎರಡು ಫೈಲನ್ನು ಒಂದಾಗಿಸುವ ಕೆಲಸವಾದ್ದರಿಂದ ಒಂದು ಗಂಟೆಯೂ ಹಿಡಿಯಬಹುದು. ಕರೆಂಟ್ ನಿಲ್ಲುವ ಲಕ್ಷಣ ಇರುವ ಸಂಜೆ ಅದಕ್ಕೆ ಕೈಹಾಕಬೇಡಿ.